ಸ್ಕೋರರ್ ಶೇಷಾದ್ರಿಯವರ ದಾಕ್ಷಿಣ್ಯ

ಸ್ವೀಡನ್ನಿನ ಗೋಥೆನ್‌ಬರ್ಗ್ ಊರಿನ ಲಿಂಡ್‌ಹೋಲ್ಮೆನ್‌ನ ಒಂದು ಆಫೀಸಿನಲ್ಲಿ ಹದಿನೆಂಟು ವರ್ಷದಿಂದ ಶೇಷಾದ್ರಿಯವರ ಕೆಲಸ ಬೇರೆಯವರ ತಪ್ಪು ಹುಡುಕುವುದು. ಕಾರಿನೊಳಗೆ ಕೂರುವ ಸಾಫ್ಟ್‌ವೇರನ್ನು ಪರೀಕ್ಷಿಸಿ ಎಲ್ಲೆಲ್ಲಿ ಕೆಟ್ಟಿದೆ ಎಂದು ಬರೆದು ಕೊಡಬೇಕು. ಇಂಥ ಕೆಲಸಕ್ಕೆ ಇಂಥ ಮನುಷ್ಯನನ್ನು ಯಾರು ಆರಿಸಿದರೋ ದೇವರೇ ಬಲ್ಲ. ತಪ್ಪು ಕಣ್ಣಿಗೆ ಬೀಳುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಆದರೆ ಅದನ್ನು ಮಾಡಿದವನ ಮುಖ ನೋಡಿ ಹೇಳುವ ಹೊತ್ತಿಗೆ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತದೆ. ಬ್ರೇಕ್ ಒತ್ತಿದರೆ ವೈಪರ್ ಓಡುವಂಥ ಎಡವಟ್ಟಾದರೂ ಅವರು ಬರೆಯುವುದು ಇಷ್ಟೇ: ‘ಇಲ್ಲೊಂದು ಸಣ್ಣ ವಿಚಾರ ಗಮನಕ್ಕೆ ಬಂತು, ಬಿಡುವಾದಾಗ ನೋಡಬಹುದು.’ ಆಫೀಸಿನವರು ಅವರ ಭಾಷೆಯನ್ನು ಕಲಿತುಬಿಟ್ಟಿದ್ದಾರೆ. ಶೇಷಾದ್ರಿ ‘ಸಣ್ಣ ವಿಚಾರ’ ಎಂದರೆ ಎಲ್ಲರೂ ಎದ್ದು ಓಡುತ್ತಾರೆ.

ಹೆಂಡತಿ ಜಾನಕಿ ಇದಕ್ಕೆ ಇಟ್ಟ ಹೆಸರು ದಾಕ್ಷಿಣ್ಯದ ಕಾಯಿಲೆ. ಬೆಂಗಳೂರಿನ ಹನುಮಂತನಗರದಲ್ಲಿದ್ದಾಗ ಮದುವೆ ಮನೆಯಲ್ಲಿ ಬಡಿಸುವವನು ಬೇಜಾರು ಮಾಡಿಕೊಂಡಾನು ಎಂದು ಐದನೆಯ ಹೋಳಿಗೆ ಹಾಕಿಸಿಕೊಂಡು ಎರಡು ದಿನ ಮಲಗಿದ್ದವರು ಅವರು. ಸ್ವೀಡನ್ನಿಗೆ ಬಂದರೆ ಕಾಯಿಲೆ ವಾಸಿಯಾದೀತು ಎಂದು ಜಾನಕಿಗೆ ಆಸೆಯಿತ್ತು. ಇಲ್ಲಿನವರು ಜೋರಾಗಿ ಮಾತಾಡುವುದಿಲ್ಲ, ಯಾರನ್ನೂ ನೋಯಿಸುವುದಿಲ್ಲ, ಮೀಟಿಂಗಿನಲ್ಲಿ ಎಲ್ಲರೂ ಒಪ್ಪುವ ತನಕ ಕಾಫಿ ಕುಡಿಯುತ್ತ ಕೂರುತ್ತಾರೆ. ಕಾಯಿಲೆಗೆ ಹವೆ ಒಗ್ಗಿ ಅದು ಇನ್ನೂ ಚೆನ್ನಾಗಿ ಬೆಳೆಯಿತು.

ಬೇಸ್‌ಬಾಲ್ ಅವರಿಗೆ ಅಂಟಿಕೊಂಡಿದ್ದೂ ಹೀಗೆಯೇ. ಮಗಳು ವರ್ಷಾಗೆ ಒಂಬತ್ತು ವರ್ಷವಾಗಿದ್ದಾಗ, ಹಿಸಿಂಗೆನ್ ಬಡಾವಣೆಯ ತಮ್ಮ ಮನೆಯ ಹತ್ತಿರದ ಕ್ಲಬ್ಬಿಗೆ ಸೇರಿಸಿದರು. ಒಂದು ಭಾನುವಾರ ಸ್ಕೋರು ಬರೆಯುವವರು ಬರಲಿಲ್ಲ. ಕೋಚ್ ಶೆಲ್ ತಂದೆತಾಯಿಗಳ ಸಾಲಿನ ಕಡೆ ನೋಡಿದ. ಉಳಿದವರೆಲ್ಲ ಶೂ ಲೇಸ್ ನೋಡಿಕೊಂಡರು. ಶೇಷಾದ್ರಿ ಶೆಲ್‌ನ ಕಣ್ಣಿಗೆ ಕಣ್ಣು ಕೊಟ್ಟುಬಿಟ್ಟರು. ಎರಡು ಬೇಸಿಗೆ ಆಡಿ ವರ್ಷಾ ಬೇರೆ ಆಟಕ್ಕೆ ಹೋದಳು, ಆಮೇಲೆ ಓದಲು ಲುಂಡ್‌ಗೆ ಹೋದಳು. ಅಪ್ಪ ಮಾತ್ರ ಹನ್ನೆರಡು ವರ್ಷವಾದರೂ ಅದೇ ಮಡಚುವ ಕುರ್ಚಿಯಲ್ಲಿ, ಮಂಡಿಯ ಮೇಲೆ ಕಂಬಳಿ ಹೊದ್ದು, ಅದೇ ಉದ್ದನೆಯ ಪುಸ್ತಕ ಹಿಡಿದು ಕೂತಿದ್ದಾರೆ. ದಾಕ್ಷಿಣ್ಯಕ್ಕೆ ಶುರುವಾದದ್ದು ಪ್ರೀತಿಯಾಗಿತ್ತು. ವಾರವೆಲ್ಲ ಯಂತ್ರದ ತಪ್ಪು ನೋಡಿದವರಿಗೆ ಭಾನುವಾರ ಹಸಿರು ಹುಲ್ಲು, ಮಣ್ಣು, ಮನುಷ್ಯರ ಓಟ ನೋಡುವುದು ಹಬ್ಬದ ಹಾಗಿತ್ತು. ಕ್ಲಬ್ಬಿನವರು ಅವರನ್ನು ತಲೆಯ ಮೇಲೆ ಕೂರಿಸಿಕೊಂಡಿದ್ದರು. ಶೇಷಾದ್ರಿಯ ಪುಸ್ತಕದಲ್ಲಿ ಇದೆ ಎಂದರೆ ಮುಗಿಯಿತು, ಅದರ ಮೇಲೆ ಮಾತಿಲ್ಲ.

ಆ ಪುಸ್ತಕದ ಒಂದು ಗುಣವನ್ನು ಇಲ್ಲೇ ಹೇಳಿಬಿಡಬೇಕು. ಕ್ರಿಕೆಟ್ಟಿನಲ್ಲಿ ಕ್ಯಾಚ್ ಬಿಟ್ಟವನ ಹೆಸರು ಸ್ಕೋರು ಪುಸ್ತಕದಲ್ಲಿ ಎಲ್ಲೂ ಬರುವುದಿಲ್ಲ. ಬೈಗುಳ ತಿಂದು ಮನೆಗೆ ಹೋದರೆ ಆಯಿತು. ಬೇಸ್‌ಬಾಲ್ ಅಷ್ಟು ಉದಾರಿಯಲ್ಲ. ಫೀಲ್ಡರ್ ಕೈಗೆ ಬಂದ ಬಾಲ್ ಬಿಟ್ಟರೆ ಸ್ಕೋರರ್ ಅವನ ಹೆಸರಿಗೆ ‘ಎರರ್’ ಎಂದು ಬರೆಯಬೇಕು. ಹಿಡಿಯಲು ಸಾಧ್ಯವೇ ಇರಲಿಲ್ಲ ಎನಿಸಿದರೆ ‘ಹಿಟ್’ ಎಂದು ಬರೆಯಬೇಕು. ಎರಡರಲ್ಲಿ ಯಾವುದು ಎಂದು ತೀರ್ಮಾನಿಸುವುದು ಕುರ್ಚಿಯಲ್ಲಿ ಕೂತ ಒಬ್ಬನೇ ಮನುಷ್ಯ. ಎರರ್ ಎಂದರೆ ಆಮೇಲೆ ಬಂದ ರನ್ನಿಗೆ ಬಾಲ್ ಎಸೆದ ಪಿಚರ್ ಹೊಣೆಯಲ್ಲ. ಹಿಟ್ ಎಂದರೆ ಎಲ್ಲ ರನ್ನೂ ಪಿಚರ್ ತಲೆಗೆ.

ಈಗ ನವೆಂಬರ್ ತಿಂಗಳ ಒಂದು ಗುರುವಾರಕ್ಕೆ ಬರೋಣ. ಆಟ ಸೆಪ್ಟೆಂಬರಿನಲ್ಲೇ ಮುಗಿದಿತ್ತು. ಆದರೆ ಕ್ಲಬ್ಬಿನ ಮರದ ಮನೆಯಲ್ಲಿ ಗುರುವಾರ ಸಂಜೆ ಐದಕ್ಕೆ ಫೀಕಾ, ಅಂದರೆ ಇಲ್ಲಿನವರ ಕಾಫಿಕೂಟ, ಮಾತ್ರ ನಿಲ್ಲುವುದಿಲ್ಲ. ಕಾಫಿ, ದಾಲ್ಚಿನ್ನಿ ಬನ್ನು, ಬೇಸ್‌ಬಾಲ್ ಹುಚ್ಚು ಹಿಡಿದ ಆರೇಳು ಜನ. ಮೊದಲ ಅರ್ಧ ಗಂಟೆ ಅಮೆರಿಕದ ತಂಡಗಳ ಪಂಚಾಯಿತಿ: ಯಾರು ಯಾರನ್ನು ಕೊಟ್ಟು ಯಾರನ್ನು ತಂದರು, ಆ ಮುದಿ ಪಿಚರ್‌ಗೆ ಐದು ವರ್ಷದ ಒಪ್ಪಂದ ಯಾವ ಬುದ್ಧಿಗೆ, ಇತ್ಯಾದಿ. ಅಲ್ಲಿನ ಮ್ಯಾನೇಜರುಗಳಿಗೆ ಈ ಮೇಜಿನ ಸುದ್ದಿಯೇ ಗೊತ್ತಿಲ್ಲ ಎಂಬುದು ಇವರಿಗೆ ಅಡ್ಡಿಯೇ ಅಲ್ಲ. ಆಮೇಲೆ ಅದೇ ಗಾಂಭೀರ್ಯದಿಂದ ತಮ್ಮ ತಂಡಕ್ಕೆ ಇಳಿಯುತ್ತಾರೆ. ಇಲ್ಲಿ ಆಟಗಾರರ ವಿನಿಮಯ ಎಂದರೆ ಒಬ್ಬ ಓದಲು ಲುಂಡ್‌ಗೆ ಹೋದ, ಒಬ್ಬಳು ಹೆರಿಗೆ ರಜೆ ಮುಗಿಸಿ ಬಂದಳು ಅಷ್ಟೇ.

ಈ ಸಲ ಮಾತ್ರ ದೊಡ್ಡ ವಿಷಯವಿತ್ತು. ತಂಡ ಮೇಲಿನ ಡಿವಿಷನ್‌ಗೆ ಏರಿತ್ತು. ದೂರದ ಉತ್ತರದ ಉಮೆಯೊ ಊರಿನಲ್ಲಿ ಆಡುತ್ತಿದ್ದ ಒಬ್ಬ ಒಳ್ಳೆಯ ಪಿಚರ್ ಕೆಲಸ ಸಿಕ್ಕಿ ಗೋಥೆನ್‌ಬರ್ಗ್‌ಗೆ ಬರುವವನಿದ್ದ. ಅವನು ಬರುವುದು ಬಿಡುವುದು ಬಾಡಿಗೆ ಮನೆಗೆ ವರ್ಷಗಟ್ಟಲೆ ಕಾಯುವ ಕ್ಯೂನ ಮೇಲೆ ನಿಂತಿತ್ತು. ನಿವೃತ್ತ ಟ್ರಾಮ್ ಡ್ರೈವರ್ ಗುನಿಲ್ಲಾ, ಈ ಮೇಜಿನ ಅಘೋಷಿತ ಯಜಮಾನಿ, ತನ್ನ ತಂಗಿಯ ನೆಲಮಾಳಿಗೆಯನ್ನೇ ಅವನಿಗೆ ಕೊಡಿಸಿ ಆ ಸಮಸ್ಯೆ ಬಗೆಹರಿಸಿದಳು. ಸರದಿಯಲ್ಲಿ ಪಂದ್ಯ ಶುರುಮಾಡುವ ಪಿಚರ್‌ಗಳು ಮೂವರು. ಹೊಸಬ ಬಂದರೆ ಇದ್ದ ಮೂವರಲ್ಲಿ ಒಬ್ಬರು ಹೊರಗೆ.

ಗುನಿಲ್ಲಾ ಕನ್ನಡಕ ಏರಿಸಿ ಕಾಗದ ಬಿಡಿಸಿದಳು. ಮ್ಯಾಗ್ನುಸ್ ಎದುರಿನವರಿಗೆ ಬಿಟ್ಟುಕೊಟ್ಟದ್ದು ಪಂದ್ಯಕ್ಕೆ ಸರಾಸರಿ ನಾಲ್ಕು ರನ್. ಎರಿಕ್, ನಾಲ್ಕೂವರೆ. ಇಳಾ, ಆರು. ಒಂದು ನಿಟ್ಟುಸಿರು ಮೇಜನ್ನು ಸುತ್ತಿ ಬಂತು. ಇಳಾ ಎಂದರೆ ಎಲ್ಲರಿಗೂ ಇಷ್ಟ, ಹನ್ನೊಂದನೇ ವರ್ಷದಿಂದ ಕ್ಲಬ್ಬಿನಲ್ಲೇ ಬೆಳೆದವಳು, ಆದರೆ ಪುಸ್ತಕ ಹೇಳುತ್ತಿದೆಯಲ್ಲ ಎಂದು ಗುನಿಲ್ಲಾ ಅಂದಳು. ಎರಡು ವಾರದ ನಂತರ ಕ್ಲಬ್ಬಿನ ಸಭೆಯಲ್ಲಿ ತೀರ್ಮಾನ. ಶೇಷಾದ್ರಿ ಬನ್ನು ಮುರಿಯುತ್ತ ತಲೆಯಾಡಿಸಿದರು.

ಇಳಾ, ಶೇಷಾದ್ರಿಯವರ ಪಕ್ಕದ ಕಟ್ಟಡದಲ್ಲಿರುವ ರಮಾನಂದ, ನಳಿನಿಯರ ಮಗಳು. ಇಪ್ಪತ್ತು ವರ್ಷ, ನರ್ಸಿಂಗ್ ಓದುತ್ತಿದ್ದಾಳೆ. ಇಷ್ಟು ಸಣ್ಣ ಡಿವಿಷನ್‌ನಲ್ಲಿ ಹೆಣ್ಣು ಗಂಡು ಎಂದು ಬೇರೆ ತಂಡ ಕಟ್ಟುವಷ್ಟು ಜನವೇ ಇಲ್ಲವಾದ್ದರಿಂದ ಅವಳು ಎಲ್ಲರ ಜೊತೆಗೇ ಆಡುತ್ತಾಳೆ. ಅವಳ ಎಸೆತಕ್ಕೆ ವೇಗವಿಲ್ಲ. ಇರುವುದು ಒಂದೇ ಅಸ್ತ್ರ: ನಿಧಾನವಾಗಿ ಬಂದು, ಕೊನೆಯಲ್ಲಿ ಮೆಟ್ಟಿಲು ತಪ್ಪಿದಂತೆ ಕೆಳಗಿಳಿಯುವ ಕರ್ವ್ ಬಾಲ್. ಬ್ಯಾಟು ಬೀಸಿದವನು ಅದರ ನೆತ್ತಿಗೆ ತಾಗಿಸುತ್ತಾನೆ, ಬಾಲ್ ನೆಲದ ಮೇಲೆ ಉರುಳುತ್ತ, ಓಡುವವರು ಮುಟ್ಟಬೇಕಾದ ಮೂಲೆಗಳಲ್ಲಿ ಮೂರನೆಯದಾದ ಮೂರನೇ ಬೇಸಿನ ಕಡೆ ಹೋಗುತ್ತದೆ.

ಆ ಶನಿವಾರ ಮಧ್ಯಾಹ್ನ ಇಳಾ ಮನೆಗೆ ಬಂದಳು. ಸ್ಕೋರು ಪುಸ್ತಕ ನೋಡಬೇಕಿತ್ತಂತೆ. ಜಾನಕಿ ಚಕ್ಕುಲಿಯ ಡಬ್ಬ ಮುಂದಿಟ್ಟರು. ಹುಡುಗಿ ಅಡುಗೆಮನೆಯ ಮೇಜಿನ ಮೇಲೆ ಬೇಸಿಗೆಯ ಹದಿನಾಲ್ಕು ಪಂದ್ಯಗಳನ್ನು ಹರಡಿಕೊಂಡು, ತನ್ನ ಸಣ್ಣ ನೋಟ್‌ಬುಕ್ಕಿಗೆ ಏನೇನೋ ಗುರುತು ಹಾಕಿಕೊಂಡಳು. ಪಿಚರ್‌ಗಳ ಸರದಿಯಿಂದ ಹೊರಬೀಳಬಹುದಾದ ವಿಷಯ ಅವಳಿಗೆ ಗೊತ್ತಿತ್ತು. ಅರ್ಧ ಗಂಟೆಯಾದ ಮೇಲೆ ತಲೆ ಎತ್ತಿದಳು.

“ಅಂಕಲ್, ನಾನು ಕರ್ವ್ ಬಾಲ್ ಬಿಟ್ಬಿಡ್ತೀನಿ,” ಎಂದಳು. “ಬುಕ್ ಪ್ರಕಾರ ಜಾಸ್ತಿ ಹಿಟ್ಸ್ ಅದಕ್ಕೇ ಬಿದ್ದಿವೆ. ಐ ಥಾಟ್ ಇಟ್ ವಾಸ್ ಗುಡ್. ನಂಗೆ ಗೊತ್ತಾಗ್ಲೇ ಇಲ್ಲ.”

ಎಷ್ಟು ಸುಲಭವಾಗಿ ಅಂದಳು. ಯಾರ ಮೇಲೂ ದೂರಿಲ್ಲ, ಮುಖದಲ್ಲಿ ಒಂದು ಬಗೆಯ ನಾಚಿಕೆ ಮಾತ್ರ. ಸರಾಸರಿ ನೋಡಿ ಸೆಪ್ಟೆಂಬರಿನಿಂದಲೇ ಬೇರೆ ಎಸೆತವನ್ನೂ ಅಭ್ಯಾಸ ಮಾಡುತ್ತಿದ್ದಾಳಂತೆ, ಮೊಣಕೈ ಸ್ವಲ್ಪ ನೋಯುತ್ತಿದೆಯಂತೆ. ಜೂನ್ ಎಂಟರ ಪಂದ್ಯದ ಪುಟ ಮೇಲೆಯೇ ಇತ್ತು. ಅವಳ ಬೆರಳು ನಿಂತ ಚೌಕವನ್ನು ಶೇಷಾದ್ರಿ ನೋಡಿದರು. ಅಲ್ಲಿ ಅವರದೇ ದುಂಡನೆಯ ಅಕ್ಷರದಲ್ಲಿ ‘ಹಿಟ್’ ಎಂದಿತ್ತು. ಆ ಬಾಲ್ ಅವರಿಗೆ ಚೆನ್ನಾಗಿ ನೆನಪಿತ್ತು. ಎದುರಿನವನು ಹೊಡೆದದ್ದು ಮಗುವೂ ಹಿಡಿಯಬಹುದಾದ ಬಾಲ್. ಮೂರನೇ ಬೇಸಿನಲ್ಲಿದ್ದ ಟೋರ್‌ಬ್ಯೋರ್ನ್‌ನ ಎರಡೂ ಕಾಲಿನ ನಡುವೆ ತೂರಿ ಹೋಗಿತ್ತು.

ಟೋರ್‌ಬ್ಯೋರ್ನ್ ನಲವತ್ತಾರು ವರ್ಷದ ಪ್ಲಂಬರ್, ಬೆಟ್ಟದಂಥ ಆಳು, ಬೆಣ್ಣೆಯಂಥ ಮನಸ್ಸು. ಇವರ ಮನೆಯ ಪೈಪು ಒಡೆದು ಅಡುಗೆಮನೆಯೆಲ್ಲ ನೀರಾದಾಗ, ಕ್ರಿಸ್‌ಮಸ್ ದಿನದ ಊಟ ಬಿಟ್ಟು ಬಂದು ಮಂಡಿಯೂರಿ ಸರಿ ಮಾಡಿ ಹೋದವನು. ಅಂಥವನ ಹೆಸರಿಗೆ ಎರರ್ ಎಂದು ಬರೆಯುವುದು ಹೇಗೆ? ಬಾಲ್ ಬಿಟ್ಟಾಗಲೆಲ್ಲ ಅವನು ಪಾಪ ಸ್ಕೋರರ್ ಕಡೆ ಒಮ್ಮೆ ನೋಡುತ್ತಿದ್ದ. ಆ ನೋಟಕ್ಕೆ ಶೇಷಾದ್ರಿಯ ಪೆನ್ನು ತಾನಾಗಿಯೇ ‘ಹಿಟ್’ ಎಂದು ಬರೆಯುತ್ತಿತ್ತು.

ಅಷ್ಟೇ ಆಗಿದ್ದರೆ ಮೂವರು ಪಿಚರ್‌ಗಳಿಗೂ ಸಮನಾಗಿ ಪೆಟ್ಟು ಬೀಳುತ್ತಿತ್ತು. ಆದರೆ ಮ್ಯಾಗ್ನುಸ್ ಎಸೆಯುವಾಗ ಅವನ ಮೇಲೂ ದಾಕ್ಷಿಣ್ಯ, ಎರಿಕ್ ಎಸೆಯುವಾಗ ಅವನ ಮೇಲೂ ದಾಕ್ಷಿಣ್ಯ. ಎರಡು ದಾಕ್ಷಿಣ್ಯಗಳ ನಡುವೆ ಸಿಕ್ಕಿದಾಗ ಶೇಷಾದ್ರಿ ಬೇರೆ ದಾರಿ ಕಾಣದೆ ಸತ್ಯ ಬರೆದಿದ್ದರು. ಇಳಾ ಎಸೆಯುವಾಗ ಮಾತ್ರ ಅಡ್ಡಿಯೇ ಇರಲಿಲ್ಲ. ಇಳಾ ನಮ್ಮವಳು. ನಮ್ಮ ಮಗುವೂ ಪಕ್ಕದ ಮನೆಯ ಮಗುವೂ ಜಗಳವಾಡಿದರೆ ನಮ್ಮ ಮಗುವಿಗೆ ತಾನೆ ಮೊದಲು ಬೈಯುವುದು? ಜೊತೆಗೆ ಎರಡು ವರ್ಷದ ಹಿಂದೆ ಎದುರು ತಂಡದವನೊಬ್ಬ, ಪಿಚರ್‌ನ ಅಪ್ಪನೇ ಸ್ಕೋರರ್ ಏನು ಎಂದು ನಕ್ಕಿದ್ದ. ಇಬ್ಬರ ಮೈಬಣ್ಣ ನೋಡಿ ಅಂದ ಮಾತು. ಅಂದಿನಿಂದ ಪಕ್ಷಪಾತದ ಮಾತು ಬರಬಾರದೆಂದು ಅನುಮಾನದ್ದನ್ನೆಲ್ಲ ಅವಳ ತಲೆಗೇ ಕಟ್ಟಿದ್ದರು. ಅದನ್ನು ನ್ಯಾಯ ಎಂದೇ ನಂಬಿದ್ದರು. ಪೆದ್ದುತನಕ್ಕೆ ನ್ಯಾಯದ ಅಂಗಿ ತೊಡಿಸಿದರೆ ಅದನ್ನು ಕಂಡುಹಿಡಿಯುವುದು ಬಹಳ ಕಷ್ಟ.

ಇಳಾ ಹೋದ ಮೇಲೆ ಅವರು ಹಸಿರು ಪೆನ್ನು, ಒಂದು ಬಿಳಿ ಹಾಳೆ ತೆಗೆದುಕೊಂಡು ಮನಸ್ಸಿನಲ್ಲೇ ಮತ್ತೆ ಆ ಹದಿನಾಲ್ಕು ಪಂದ್ಯಗಳನ್ನು ಆಡಿದರು. ನೆನಪಿನ ಶಕ್ತಿ ಅವರದು ದೊಡ್ಡದು. ಯಾವ ಬಾಲ್ ಎಲ್ಲಿ ಪುಟಿಯಿತು, ಯಾರ ಕೈಗವಸಿಗೆ ತಾಗಿ ಬಿತ್ತು, ಎಲ್ಲ ಕಣ್ಣಿಗೆ ಕಟ್ಟಿದಂತಿತ್ತು. ಇಳಾ ಎಸೆಯುವಾಗ ಫೀಲ್ಡರ್ ಬಿಟ್ಟೂ ‘ಹಿಟ್’ ಆದವು ಇಪ್ಪತ್ತಾರು ಬಾಲ್. ಅದರಲ್ಲಿ ಹತ್ತೊಂಬತ್ತು ಟೋರ್‌ಬ್ಯೋರ್ನ್‌ನವು. ಇಪ್ಪತ್ತಾರನ್ನೂ ಎರರ್ ಎಂದು ಬರೆದಿದ್ದರೆ ಇಳಾಳ ಸರಾಸರಿ ಆರಲ್ಲ, ಮೂರೂವರೆ. ಮೂವರಲ್ಲಿ ಎಲ್ಲರಿಗಿಂತ ಒಳ್ಳೆಯ ಪಿಚರ್ ಅವಳೇ. ಪೆನ್ನು ಕೆಳಗಿಟ್ಟರು. ಅವಳ ಮೊಣಕೈ ನೋವು ನೆನಪಾಗಿ ಕಣ್ಣು ತುಂಬಿ ಬಂತು.

ಜಾನಕಿ ಹಾಳೆ ನೋಡಿದರು, ಗಂಡನ ಮುಖ ನೋಡಿದರು, ಎಲ್ಲ ಕೇಳಿಸಿಕೊಂಡರು. ಬೈಯುತ್ತಾರೆ ಎಂದು ಶೇಷಾದ್ರಿ ತಲೆ ತಗ್ಗಿಸಿ ಕಾದರು.

“ಬೇರೆಯವ್ರಿಗೆ ಒಳ್ಳೆಯವ್ರಾಗೋಕೆ ನಮ್ಮ ಹುಡುಗೀನ ಖರ್ಚು ಮಾಡಿದ್ರಲ್ರೀ,” ಎಂದರು ಜಾನಕಿ.

ಪುಸ್ತಕವನ್ನು ತಿದ್ದಿ ಕೈತೊಳೆದುಕೊಳ್ಳುವಂತೆಯೂ ಇರಲಿಲ್ಲ. ಸ್ಕೋರರ್ ತನ್ನ ತೀರ್ಮಾನ ಬದಲಿಸುವುದಾದರೆ ಪಂದ್ಯ ಮುಗಿದ ಒಂದೆರಡು ದಿನದಲ್ಲಿ ಬದಲಿಸಬೇಕು, ಆಮೇಲೆ ಇಲ್ಲ. ಆರು ಎಂದು ಬರೆದದ್ದು ಆರೇ. ಉಳಿದದ್ದು ಒಂದೇ ದಾರಿ: ಸಭೆಯಲ್ಲಿ, ಎಲ್ಲರೆದುರು, ಟೋರ್‌ಬ್ಯೋರ್ನ್ ಎದುರಿಗೆ ಕೂತಿರುವಾಗ, ಬಾಯಿಬಿಟ್ಟು ಹೇಳುವುದು. ಮುಂದಿನ ಗುರುವಾರ ಫೀಕಾದಲ್ಲಿ ಗುನಿಲ್ಲಾಳ ಕಿವಿಗೆ ಮೆತ್ತಗೆ ಹಾಕಿಬಿಡೋಣ ಎಂದು ಹೋದರು. ಟೋರ್‌ಬ್ಯೋರ್ನ್ ಅಲ್ಲೇ ಇದ್ದ, ನಿಮ್ಮ ಪೈಪು ಚಳಿಗೆ ತಡೆದುಕೊಂಡಿದೆಯಾ ಎಂದು ವಿಚಾರಿಸಿದ. ಶೇಷಾದ್ರಿ ಎರಡು ಬನ್ನು ತಿಂದು ವಾಪಸ್ ಬಂದರು.

ಸಭೆಯ ದಿನ ಮರದ ಮನೆ ತುಂಬಿತ್ತು. ಹೊರಗೆ ಆಗಲೇ ಹಿಮ ಬಿದ್ದು, ಬಾಗಿಲ ಬಳಿ ಬೂಟುಗಳ ರಾಶಿ. ಇಂಥ ಸಭೆಗಳಲ್ಲಿ ಒಂದು ಕ್ರಮವಿದೆ. ತೀರ್ಮಾನಕ್ಕೆ ಮುಂಚೆ ಮೇಜಿನ ಸುತ್ತ ಒಬ್ಬೊಬ್ಬರಾಗಿ ಮಾತಾಡಬೇಕು, ಒಬ್ಬರ ಮಾತು ಮುಗಿಯುವ ತನಕ ಇನ್ನೊಬ್ಬರು ಬಾಯಿ ಹಾಕುವಂತಿಲ್ಲ. ಹನ್ನೆರಡು ವರ್ಷದಿಂದ ತಮ್ಮ ಸರದಿ ಬಂದಾಗ ಶೇಷಾದ್ರಿ ಸ್ವೀಡಿಷ್‌ನಲ್ಲಿ ಒಂದೇ ವಾಕ್ಯ ಹೇಳುತ್ತ ಬಂದಿದ್ದರು: ಸೇರಿಸುವುದು ಏನೂ ಇಲ್ಲ. ಎಲ್ಲರೂ ಅದಕ್ಕೆ ಎಷ್ಟು ಒಗ್ಗಿದ್ದರೆಂದರೆ, ಗುನಿಲ್ಲಾ ಈ ಸಲ ಅವರ ಹೆಸರು ಹೇಳುತ್ತಲೇ ಮುಂದಿನವರ ಕಡೆ ತಿರುಗಿದ್ದಳು.

ಶೇಷಾದ್ರಿ ಎದ್ದು ನಿಂತರು. ಅಲ್ಲಿ ಯಾರೂ ಎದ್ದು ನಿಂತು ಮಾತಾಡುವುದಿಲ್ಲ, ಹಾಗಾಗಿ ಇಡೀ ಕೋಣೆ ಅವರ ಕಡೆ ತಿರುಗಿತು. ಎದುರಿನ ಬೆಂಚಿನ ಕೊನೆಯಲ್ಲಿ ಇಳಾ ಕೈಕಟ್ಟಿ ಕೂತಿದ್ದಳು. ಕಿಟಕಿಯ ಪಕ್ಕ ಟೋರ್‌ಬ್ಯೋರ್ನ್. ನನಗೆ ಒಂದು ಸಣ್ಣ ವಿಚಾರ ಹೇಳುವುದಿದೆ ಎಂದು ಅಭ್ಯಾಸಬಲದಿಂದ ಶುರುಮಾಡಿದರು. ಆಮೇಲೆ, ಅಲ್ಲ, ಸಣ್ಣದಲ್ಲ ಎಂದು ತಮ್ಮನ್ನೇ ತಿದ್ದಿಕೊಂಡರು. ಜೇಬಿನಿಂದ ಹಾಳೆ ತೆಗೆದು ಇಪ್ಪತ್ತಾರು ಬಾಲ್‌ಗಳನ್ನು ತಾರೀಖಿನ ಸಮೇತ ಓದಿದರು. ಪ್ರತಿಯೊಂದರ ಮುಂದೆ ಬಿಟ್ಟವರ ಹೆಸರು. ಹತ್ತೊಂಬತ್ತು ಸಲ ಟೋರ್‌ಬ್ಯೋರ್ನ್ ಎಂದು ಹೇಳಬೇಕಾಯಿತು. ಐದನೆಯ ಸಲಕ್ಕೆ ನೀರು ಕುಡಿದು ಮುಂದುವರಿಸಿದರು. ಇಷ್ಟೂ ನಾನು ನೋಡಿದ್ದೆ, ನೋಡಿಯೂ ಹಿಟ್ ಎಂದು ಬರೆದೆ, ಇಳಾ ನಮ್ಮ ಪೈಕಿಯವಳು ಎಂದು ಅವಳ ತಲೆಗೆ ಕಟ್ಟಿದೆ, ಆ ಆರು ಅವಳದಲ್ಲ ನನ್ನದು, ಬೇರೆ ಸ್ಕೋರರ್ ಹುಡುಕಿಕೊಳ್ಳಿ ಎಂದು ಹೇಳಿ ಕೂತರು.

ಸರದಿಯ ಪ್ರಕಾರ ಮಾತು ಸುತ್ತಿ ಟೋರ್‌ಬ್ಯೋರ್ನ್‌ಗೆ ಬರಲು ಐದು ನಿಮಿಷವಾಯಿತು. ಶೇಷಾದ್ರಿಗೆ ಅದು ಐದು ವರ್ಷ. ಅವನ ಮುಖ ಕಿವಿಯ ತನಕ ಕೆಂಪಾಗಿತ್ತು. ಅವನು ತನ್ನ ದೊಡ್ಡ ಕೈಗಳನ್ನು ನೋಡಿಕೊಳ್ಳುತ್ತ, ಹತ್ತೊಂಬತ್ತರಲ್ಲಿ ಹದಿನೈದಾದರೂ ತನ್ನ ತಪ್ಪೆಂದು ತನಗೂ ಗೊತ್ತಿತ್ತು ಎಂದ. ಪ್ರತಿ ಸಲವೂ ಸ್ಕೋರರ್ ಕಡೆ ನೋಡುತ್ತಿದ್ದೆ, ಅವನು ತಲೆಯಾಡಿಸುತ್ತಿದ್ದ, ಸುಮ್ಮನಿರುವುದು ಸುಲಭವಾಗುತ್ತಿತ್ತು. ಒಂದು ವರ್ಷದಿಂದ ಬಾಲ್ ಹತ್ತಿರ ಬಂದಾಗ ಎರಡೆರಡಾಗಿ ಕಾಣುತ್ತದೆ, ಯಾರೂ ಏನೂ ಅನ್ನಲಿಲ್ಲವೆಂದು ನಾನೂ ಯಾರಿಗೂ ಹೇಳಲಿಲ್ಲ. ಇಷ್ಟು ಹೇಳಿ ಅವನು ಇಳಾಳ ಕಡೆ ತಿರುಗಿ ಕ್ಷಮೆ ಕೇಳಿದ.

ಕೊನೆಗೆ ಇಳಾಳ ಸರದಿ. ಅವಳು ಸ್ವೀಡಿಷ್‌ನಲ್ಲಿ, ಧ್ವನಿ ಏರಿಸದೆ, ಇಡೀ ಬೇಸಿಗೆ ನಾನು ಕೆಟ್ಟ ಪಿಚರ್ ಎಂದುಕೊಂಡು ಮನೆಗೆ ಹೋಗುತ್ತಿದ್ದೆ ಎಂದಳು. ಅಷ್ಟೇ.

ತೀರ್ಮಾನ ಆ ದಿನ ಆಗಲಿಲ್ಲ. ಪುಸ್ತಕವನ್ನು ನಂಬುವ ಹಾಗಿಲ್ಲವಾದ್ದರಿಂದ ಇನ್ನು ಕಣ್ಣನ್ನೇ ನಂಬಬೇಕು, ಚಳಿಗಾಲವೆಲ್ಲ ಒಳಾಂಗಣದಲ್ಲಿ ನಾಲ್ವರು ಪಿಚರ್‌ಗಳನ್ನೂ ನೋಡಿ ಶೆಲ್ ಮಾರ್ಚಿನಲ್ಲಿ ಹೇಳಲಿ ಎಂದು ಒಪ್ಪಿದರು. ಸ್ಕೋರರ್ ರಾಜೀನಾಮೆಯ ವಿಷಯಕ್ಕೆ ಬಂದಾಗ ಗುನಿಲ್ಲಾ ಕನ್ನಡಕದ ಮೇಲಿಂದ ನೋಡಿ, ಹನ್ನೆರಡು ವರ್ಷದಲ್ಲಿ ಇವತ್ತೇ ಮೊದಲು ನಮಗೊಬ್ಬ ಸ್ಕೋರರ್ ಸಿಕ್ಕಿದ್ದಾನೆ, ಅವನನ್ನು ಬಿಡುವುದು ಬೇಡ ಎಂದಳು. ಯಾರೂ ವಿರೋಧಿಸಲಿಲ್ಲ.

ಬೂಟು ಹಾಕಿಕೊಳ್ಳುವಲ್ಲಿ ಇಳಾ ಶೇಷಾದ್ರಿಯ ಪಕ್ಕಕ್ಕೆ ಬಂದಳು.

“ಅಂಕಲ್, ನಂಗೆ ನಿಮ್ಮ ಮೇಲೆ ಕೋಪ ಇದೆ,” ಎಂದಳು ಕನ್ನಡದಲ್ಲಿ. “ಹೇಳಿದ್ದು ಒಳ್ಳೇದಾಯ್ತು. ಬಟ್ ಕೋಪ ಇದೆ. ಸ್ವಲ್ಪ ದಿನ ನಾನು ಮಾತಾಡಲ್ಲ. ಎಷ್ಟು ದಿನ ಅಂತ ಗೊತ್ತಿಲ್ಲ.”

“ಆಯ್ತಮ್ಮ,” ಎಂದರು ಶೇಷಾದ್ರಿ.

ಅವಳ ಅಪ್ಪ ಅಮ್ಮ ಮಾರನೆಯ ದಿನವೇ ಮನೆಗೆ ಬಂದು, ಅಯ್ಯೋ ಬಿಡಿ ಸರ್, ಆಟ ತಾನೆ, ಹುಡುಗಿಗೆ ಮೂಗಿನ ತುದಿಯಲ್ಲೇ ಕೋಪ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ನಕ್ಕು, ಕಾಫಿ ಕುಡಿದು ಹೋದರು. ಆ ನಗುವಿಗಿಂತ ಹುಡುಗಿಯ ಕೋಪವೇ ವಾಸಿ ಎನಿಸಿತು ಶೇಷಾದ್ರಿಗೆ. ಅದನ್ನೇ ಜಾನಕಿಗೆ ಹೇಳಿದಾಗ, ಅವರು ಲೋಟ ತೊಳೆಯುತ್ತ, “ಮುಖದ ಮೇಲೆ ಹೇಳಿದ್ಲಲ್ಲ, ಪುಣ್ಯ. ನಾವಾಗಿದ್ರೆ ನಗ್ತಾ ನಗ್ತಾ ಹತ್ತು ವರ್ಷ ಒಳಗೇ ಇಟ್ಕೊಂಡಿರ್ತಿದ್ವಿ,” ಎಂದರು.

ಇಳಾ ಮಾತಿಗೆ ತಪ್ಪುವವಳಲ್ಲ. ಡಿಸೆಂಬರ್ ಕಳೆಯಿತು, ಸಂಕ್ರಾಂತಿಗೆ ಕನ್ನಡ ಸಂಘದವರು ಬಾಡಿಗೆ ಹಾಲಿನಲ್ಲಿ ಎಳ್ಳು ಬೆಲ್ಲ ಹಂಚಿದರು. ಅವಳು ಶೇಷಾದ್ರಿಯ ಕೈಗೂ ಒಂದು ಪೊಟ್ಟಣ ಇಟ್ಟಳು, ಒಳ್ಳೆಯ ಮಾತಾಡೋಣ ಎನ್ನುವ ಆ ಸಾಲನ್ನು ಮಾತ್ರ ಹೇಳದೆ ಮುಂದೆ ಹೋದಳು. ಅವರು ಆ ಪೊಟ್ಟಣವನ್ನು ತಿನ್ನದೆ ಕೋಟಿನ ಜೇಬಿನಲ್ಲೇ ಇಟ್ಟುಕೊಂಡರು. ಈ ನಡುವೆ ಆಫೀಸಿನಲ್ಲಿ ಒಂದು ದಿನ ಶೇಷಾದ್ರಿಯ ವರದಿ ನೋಡಿ ಎಲ್ಲರೂ ಹೌಹಾರಿದರು. ಅದರಲ್ಲಿ ‘ಇದು ತಪ್ಪು, ಇಂದೇ ಸರಿಪಡಿಸಿ’ ಎಂದಿತ್ತು. ಏನಾಯಿತೋ ಎಂದು ಮ್ಯಾನೇಜರ್ ಬಂದು ಅವರ ಆರೋಗ್ಯ ವಿಚಾರಿಸಿಕೊಂಡು ಹೋದ.

ಮಾರ್ಚಿನಲ್ಲಿ ಶೆಲ್ ಪಟ್ಟಿ ಹಾಕಿದ. ಉಮೆಯೊದವನು, ಮ್ಯಾಗ್ನುಸ್, ಇಳಾ. ಎರಿಕ್ ಮೀಸಲಿಗೆ. ಇಳಾ ಕರ್ವ್ ಬಾಲ್ ಬಿಟ್ಟಿರಲಿಲ್ಲ, ಮೊಣಕೈಗೂ ಆರಾಮವಾಗಿತ್ತು. ಟೋರ್‌ಬ್ಯೋರ್ನ್ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬಂದು, ಕಟ್ಟಿಕೊಳ್ಳುವ ದಪ್ಪ ಕನ್ನಡಕ ಹಾಕಿ, ಮೂರನೇ ಬೇಸಿನ ಜಾಗಕ್ಕೆ ಮತ್ತೆ ಅರ್ಜಿ ಹಾಕಿದ್ದ.

ಏಪ್ರಿಲ್ ಕೊನೆಯ ಭಾನುವಾರ ಮೊದಲ ಪಂದ್ಯ. ಬಿಸಿಲಿತ್ತು, ಆದರೆ ಕಿವಿ ಕತ್ತರಿಸುವ ಗಾಳಿ. ಇಳಾ ಪಂದ್ಯ ಶುರುಮಾಡಿದಳು. ಶೇಷಾದ್ರಿ ಕಂಬಳಿ ಹೊದ್ದು ಕುರ್ಚಿಯಲ್ಲಿ ಕೂತರು. ಐದು ತಿಂಗಳಿಂದ ಅವರೊಳಗೆ ಒಂದು ಆಸೆ ಬೆಳೆದು ನಿಂತಿತ್ತು: ಈ ಹುಡುಗಿಗೆ ಕಸಿದದ್ದನ್ನು ವಾಪಸ್ ಕೊಡಬೇಕು. ಒಂದು ಅವಕಾಶ ಸಿಗಲಿ.

ಸಿಕ್ಕಿತು. ಮೂರನೆಯ ಇನಿಂಗ್ಸಿನಲ್ಲಿ ಎದುರು ತಂಡದ ಇಬ್ಬರು ಬೇಸುಗಳ ಮೇಲೆ ನಿಂತಿದ್ದಾಗ, ಇಳಾಳ ಕರ್ವ್ ಬಾಲನ್ನು ಬ್ಯಾಟುಗಾರ ಬಿಗಿಯಾಗಿ ಬಾರಿಸಿದ. ಬಾಲ್ ನೆಲಕ್ಕೆ ತಾಗಿಯೂ ತಾಗದಂತೆ ಮೂರನೇ ಬೇಸಿನ ಕಡೆ ಹಾರಿತು. ಟೋರ್‌ಬ್ಯೋರ್ನ್ ಇಡೀ ಮೈಯನ್ನು ಬಲಕ್ಕೆ ಎಸೆದ. ಬಾಲ್ ಅವನ ಕೈಗವಸಿನ ತುದಿಯನ್ನು ಸವರಿ ಹಿಂದಕ್ಕೆ ಹೋಯಿತು. ಎರಡು ರನ್. ಅವನು ಮಣ್ಣು ಕೊಡವಿಕೊಂಡು ಎದ್ದು, ಕೈಯೆತ್ತಿ, ತಪ್ಪು ನನ್ನದು ಎಂದು ಸ್ಕೋರರ್‌ಗೆ ಕೇಳುವಂತೆ ಕೂಗಿದ. ಗುನಿಲ್ಲಾ ತಿರುಗಿ ನೋಡಿದಳು. ಬೆಂಚಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವನ ತಪ್ಪೆಂದು ಬರೆಯಲು ಎಲ್ಲರ ಒಪ್ಪಿಗೆಯಿತ್ತು, ಬಿಟ್ಟವನದೂ ಸೇರಿ. ಎರರ್ ಎಂದು ಬರೆದರೆ ಆ ಎರಡು ರನ್ನು ಇಳಾಳಿಗೆ ಅಂಟುವುದಿಲ್ಲ.

ಶೇಷಾದ್ರಿ ಪೆನ್ನು ಹಿಡಿದು ಕಣ್ಣು ಮುಚ್ಚಿ ಆ ಬಾಲನ್ನು ಇನ್ನೊಮ್ಮೆ ನೋಡಿದರು. ಅದನ್ನು ಯಾವ ಮನುಷ್ಯನೂ ಹಿಡಿಯುವಂತಿರಲಿಲ್ಲ. ಹಿಟ್ ಎಂದು ಬರೆದರು.

ಇನಿಂಗ್ಸ್ ಮುಗಿದಾಗ ಇಳಾ ಬೆಂಚಿಗೆ ಹೋಗದೆ ನೇರವಾಗಿ ಅವರ ಕುರ್ಚಿಯ ಹತ್ತಿರ ಬಂದಳು. ಟೋಪಿಯ ಕೆಳಗೆ ಬೆವೆತಿದ್ದಳು. ಬಗ್ಗಿ ಪುಸ್ತಕ ನೋಡಿದಳು.

“ಟೋರ್‌ಬ್ಯೋರ್ನ್ ತನ್ನದೇ ತಪ್ಪು ಅಂತಿದಾನೆ,” ಎಂದಳು.

“ಇಲ್ಲಮ್ಮ,” ಎಂದರು ಶೇಷಾದ್ರಿ. “ಅದು ಹಿಟ್, ಅವನ ತಪ್ಪಲ್ಲ. ನಿನ್ನ ಕರ್ವ್ ಕೆಳಗಿಳೀಲಿಲ್ಲ, ಮೇಲೇ ನಿಂತ್ಬಿಡ್ತು.”

ಅವಳು ಪುಟವನ್ನೇ ನೋಡುತ್ತ ನಿಂತಳು. ಗಾಳಿಗೆ ಹಾಳೆ ಹಾರದಂತೆ ಅವಳ ಹೆಬ್ಬೆರಳು ಅಂಚನ್ನು ಒತ್ತಿ ಹಿಡಿದಿತ್ತು.

“ಹೌದು, ಮೇಲಿತ್ತು,” ಎಂದಳು. “ಕೈಯಿಂದ ಬಿಟ್ಟ ತಕ್ಷಣ ನಂಗೂ ಗೊತ್ತಾಯ್ತು.”

ಆಮೇಲೆ ಅವರ ಕಾಲ ಬಳಿಯಿದ್ದ ಚೀಲದ ಕಡೆ ನೋಡಿ, ಜಾನಕಿ ಆಂಟಿ ಚಕ್ಕುಲಿ ಕಳಿಸಿದ್ದಾರಾ ಎಂದು ಕೇಳಿದಳು.